ಮೀನ ಬಂಗಲೆಯ ಬದನೆಕಾಯಿ

ದಿನಾ ಸಂಜೆ ಐದೂವರೆಗೆ ನಾನು ತಿರುಗಾಡಲು ಹೊರಡುತ್ತೇನೆ. ಇಂಡಿಯ ನಮ್ಮ ಓಣಿಯಿಂದ ಸ್ಟೇಷನ್ ರಸ್ತೆಗುಂಟ ನಡೆದು, ದೊಡ್ಡ ಹುಣಸೆಮರದ ಹತ್ತಿರ ತಿರುಗಿ, ಆರೂವರೆಗೆ ಮನೆ ಸೇರುತ್ತೇನೆ. ಚಪ್ಪಲಿ ಬಿಟ್ಟ ಮೇಲೆ, ಚಹಾ ಕೇಳುವ ಮೊದಲು, ಡೈರಿಯಲ್ಲಿ ವೇಳೆ ಬರೆಯುತ್ತೇನೆ. ಅದರಲ್ಲಿ ನಾನೇ ಪಟ್ಟಿ ಹಿಡಿದು ಗೆರೆ ಎಳೆದ ಮೂರು ಕಾಲಂಗಳಿವೆ: ಹೊರಟ ವೇಳೆ, ಬಂದ ವೇಳೆ, ತಡಕ್ಕೆ ಕಾರಣ. ಮೂರನೆಯದು ಹೆಚ್ಚಾಗಿ ಖಾಲಿ. ನನ್ನ ಹೆಂಡತಿ ಸಾಲೋಟಗಿಯವಳು. ಮದುವೆಯಾದ ವರ್ಷವೇ ಈ ಡೈರಿ ನೋಡಿ, "ಅಲ್ರೀ, ನಿಮ್ಮನ್ನ ಕಾಯಾಕ ನಿಮಗ ಪಗಾರ ಕೊಡ್ತಾರೇನು?" ಎಂದು ಕೇಳಿದ್ದಳು. ಆ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಇವತ್ತು ನಿಮಗೆ ಕೊಡುತ್ತೇನೆ.

ಹದಿನೈದು ದಿನಗಳ ಹಿಂದೆ ಹುಣಸೆಮರದ ಆಚೆ ಒಂದು ಮೀನಿನ ಖಾನಾವಳಿ ಶುರುವಾಯಿತು. ತಗಡಿನ ಮಾಡು, ನಾಲ್ಕು ಮೇಜು, ಹೊರಗೇ ಒಲೆ. ಸಂಜೆ ಆರರ ಸುಮಾರಿಗೆ ಅಲ್ಲಿ ಒಣಕೊಬ್ಬರಿಯನ್ನೂ ಉಳ್ಳಾಗಡ್ಡಿಯನ್ನೂ ಕೆಂಡದಲ್ಲಿ ಸುಡುತ್ತಾರೆ. ಆಮೇಲೆ ಹುಣಸೆಹುಳಿ ಬೀಳುತ್ತದೆ. ಆ ವಾಸನೆ ರಸ್ತೆ ದಾಟಿ ಬರುತ್ತದೆ. ನನ್ನ ಜೊತೆ ತಿರುಗಾಡುವ ನಿವೃತ್ತ ಮಾಸ್ತರರು ಧೋತರದ ಚುಂಗನ್ನು ಮೂಗಿಗೆ ಹಿಡಿದು ಬಿರಬಿರನೆ ಮುಂದೆ ಹೋಗುತ್ತಾರೆ. ನಾನು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಿಂದ ಬಾಗಿ ನಿಲ್ಲುತ್ತೇನೆ. ಮೂರನೆಯ ದಿನ ಮಾಸ್ತರರು, "ಹೊಸಾ ಚಪ್ಪಲಿ ತಗೋರಿ ಮಾರಾಯ್ರ, ದಿನಾ ಇಲ್ಲೇ ಬಂದ ಕೈ ಕೊಡ್ತಾವು" ಎಂದರು.

ನಾನು ಈ ಜನ್ಮದಲ್ಲಿ ಮೀನು ತಿಂದವನಲ್ಲ. ನಮ್ಮ ಮನೆಯೊಳಗೆ ತತ್ತಿ ಕೂಡ ಬಂದಿಲ್ಲ. ಆದರೂ ಆ ವಾಸನೆ ಬಂದರೆ ನನ್ನ ಬಾಯಲ್ಲಿ ನೀರೂರುತ್ತದೆ, ಹಿಂದೆಯೇ ಕಣ್ಣಲ್ಲೂ. ಇದು ಹೇಗೆ ಎಂದು ಹೇಳಬೇಕಾದರೆ ನಿಮ್ಮನ್ನು ಕೃಷ್ಣೆಯ ದಂಡೆಗೆ ಕರೆದುಕೊಂಡು ಹೋಗಬೇಕು. ದೂರವಾಯಿತು ಎನ್ನಬೇಡಿರಿ. ನಾನು ವೇಳೆಗೆ ಸರಿಯಾಗಿ ಮರಳಿ ತಂದು ಬಿಡುತ್ತೇನೆ.

ಎಪ್ಪತ್ತರ ದಶಕದ ಮಾತು. ನನಗಾಗ ಇಪ್ಪತ್ನಾಲ್ಕು. ಬಸವನ ಬಾಗೇವಾಡಿಯ ಹುಡುಗ, ಬೋರ್ಡಿಂಗಿನಲ್ಲಿ ಓದಿದವನು. ಆ ಬೋರ್ಡಿಂಗಿನಲ್ಲಿ ಏಳಲು ಒಂದು ಗಂಟೆ ಬಾರಿಸುತ್ತಿದ್ದರು, ಸ್ನಾನಕ್ಕೊಂದು, ಓದಿಗೊಂದು, ಊಟಕ್ಕೊಂದು. ಎಷ್ಟರ ಮಟ್ಟಿಗೆ ಎಂದರೆ, ರಜೆಗೆ ಮನೆಗೆ ಬಂದಾಗ ಅವ್ವ ಊಟಕ್ಕೆ ಕರೆದರೆ ನಾನು ಗಂಟೆಯ ಸಪ್ಪಳಕ್ಕೆ ಕಾಯುತ್ತ ಕುಳಿತಿರುತ್ತಿದ್ದೆ. ಇಂಥವನಿಗೆ ಸಿಕ್ಕ ನೌಕರಿಯೂ ಹಾಗೇ ಇತ್ತು. ನಿಡಗುಂದಿಯಿಂದ ಒಂದಷ್ಟು ದೂರ, ಕೃಷ್ಣೆಯ ದಂಡೆಯ ಮೇಲೆ, ಹೊಳೆಯ ನೀರಿನ ಎತ್ತರ ನೋಡಿ ಬರೆಯುವುದು. ಮೆಟ್ಟಿಲ ಹಾಗೆ ದಂಡೆಗುಂಟ ಇಳಿಯುವ ಕಂಬಗಳು, ಅವುಗಳ ಮೇಲೆ ಮೀಟರು-ಸೆಂಟಿಮೀಟರಿನ ಬಿಳಿ-ಕಪ್ಪು ಅಳತೆಯ ಪಟ್ಟಿ. ಮುಂಜಾನೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಇಳಿದು ಹೋಗಿ ನೋಡಬೇಕು, ಮೇಲೆ ಬಂದು ರಿಜಿಸ್ಟರಿನಲ್ಲಿ ಬರೆಯಬೇಕು. ಗೇಜ್ ರೀಡರ್ ಎಂದು ಹುದ್ದೆಯ ಹೆಸರು. ಅಲ್ಲಿನವರು ನನ್ನ ಹೆಸರನ್ನೇ ತೆಗೆದುಹಾಕಿ "ಗೇಜಪ್ಪ" ಎಂದರು. ನನಗೆ ಸಿಟ್ಟು ಬರಲಿಲ್ಲ. ಗಂಟೆ ಬಾರಿಸುವವನೇ ಇಲ್ಲದ ಕಡೆ ನಾನೇ ಗಂಟೆಯಾಗಿದ್ದೆ.

ನನ್ನ ಕಂಬಗಳ ನೇರ ಮೇಲೆ ಒಂದು ಹಳೆಯ ಕಟ್ಟಡವಿತ್ತು. ಕರಿಕಲ್ಲಿನ ಗೋಡೆ, ಕಮಾನಿನ ಪಡಸಾಲೆ, ತೊಲೆಗೆ ಸಾಲಾಗಿ ಕಬ್ಬಿಣದ ಕೊಕ್ಕೆಗಳು. ಬಹಳ ಹಿಂದೆ ಹೊಳೆಗೆ ರೈಲಿನ ಸೇತುವೆ ಕಟ್ಟುವ ಕಾಲಕ್ಕೆ ಯಾರೋ ಸಾಹೇಬ ರವಿವಾರ ಗಾಳ ಹಾಕಲೆಂದು ಕಟ್ಟಿಸಿದ್ದಂತೆ. ಕೊಕ್ಕೆಗಳು ಹಿಡಿದ ಮೀನನ್ನು ತೂಗುಹಾಕಲು. ಜನ ಅದನ್ನು "ಮೀನ ಬಂಗ್ಲೆ" ಎನ್ನುತ್ತಿದ್ದರು. ಸಾಹೇಬ ಹೋದ ಮೇಲೆ ಅವನ ಅಡಿಗೆಯವನು ಅಲ್ಲೇ ಉಳಿದ. ಅವನ ಮಗನೂ ಉಳಿದ. ನಾನು ಹೋಗುವ ಹೊತ್ತಿಗೆ ಇಬ್ಬರೂ ತೀರಿಹೋಗಿ, ಆ ಮಗನ ಹೆಂಡತಿ ಹುಸೇನಬಿ ಅಲ್ಲಿ ಮೀನಿನ ಖಾನಾವಳಿ ನಡೆಸುತ್ತಿದ್ದಳು. ನಲವತ್ತೈದರ ಹೆಂಗಸು. ಮೈಯಲ್ಲಿ ಮಾಂಸ ಕಡಿಮೆ, ಮಾತಿನಲ್ಲಿ ಖಾರ ಹೆಚ್ಚು. ನಾನು "ಅಕ್ಕಾ" ಎನ್ನುತ್ತಿದ್ದೆ.

ಆ ಬಂಗಲೆಯ ನಡುಮನೆಯ ಗೋಡೆಯನ್ನು ನೀವು ನೋಡಬೇಕಿತ್ತು. ಸಾಹೇಬ ತಾನು ಹಿಡಿದ ದೊಡ್ಡ ಮೀನುಗಳನ್ನೆಲ್ಲ ಗೋಡೆಗೆ ಆನಿಸಿ, ಸುತ್ತಲೂ ಉಳಿಯಿಂದ ಗೆರೆ ಕೊರೆಸುತ್ತಿದ್ದನಂತೆ. ಹುಸೇನಬಿ ಆ ರೂಢಿ ಬಿಟ್ಟಿರಲಿಲ್ಲ. ಮೊಳಕ್ಕಿಂತ ಉದ್ದದ ಮೀನು ಬಂದರೆ, ಕೊಯ್ಯುವ ಮೊದಲು ಅದನ್ನು ಗೋಡೆಗೆ ಹಿಡಿದು ಇದ್ದಲಿಯಿಂದ ಗೆರೆ ಎಳೆಯುವಳು. ರಮಜಾನಿಗೆ ಸುಣ್ಣ ಬಳಿಸುವಾಗ ಮೀನುಗಳನ್ನು ಬಿಟ್ಟು ಸುತ್ತ ಬಳಿಯಬೇಕು ಎಂದು ತಾಕೀತು ಮಾಡುವಳು. ಹೀಗಾಗಿ ಬೆಳ್ಳಗಿನ ಗೋಡೆಯಲ್ಲಿ ಹಳೆಯ ಸುಣ್ಣದ ಬಣ್ಣದ ಮೀನುಗಳು, ಎಲ್ಲವೂ ಒಂದೇ ಕಡೆ ಮುಖ ಮಾಡಿ ಈಜುತ್ತಿದ್ದವು. ಅಣೆಕಟ್ಟೆಯ ಕೆಲಸ ಆಗಲೇ ನಡೆದಿತ್ತು. ಮುಂದೊಂದು ದಿನ ಇದೆಲ್ಲ ಮುಳುಗುತ್ತದೆ ಎಂದು ಯಾರಾದರೂ ಅಂದರೆ ಅವಳು, "ಮುಳಗಲಿ ಬಿಡು. ಗ್ವಾಡಿ ಮ್ಯಾಗಿನವಕ್ಕ ನೀರ ಕಾಣದ ಭಾಳ ವರ್ಷ ಆತು" ಎನ್ನುವಳು.

ಅಲ್ಲಿಗೆ ಯಾರು ಬರುತ್ತಿದ್ದರು ಎನ್ನುತ್ತೀರಾ? ಬಸ್ಸಿನ ಡ್ರೈವರುಗಳು, ರೈಲ್ವೆಯ ಗ್ಯಾಂಗಿನವರು, ಮುಳವಾಡದ ಕಡೆಯಿಂದ ಮುದ್ದೇಬಿಹಾಳದ ಸಂತೆಗೆ ದನ ಹೊಡೆದುಕೊಂಡು ಹೋಗುವವರು. ಇವರಲ್ಲದೆ ಇನ್ನೊಂದು ಬಗೆಯ ಗಿರಾಕಿಗಳಿದ್ದರು. ಪಡಸಾಲೆಯ ತುದಿಯಲ್ಲಿ ಕೂರಲು ಒಂದು ಕಲ್ಲಿನ ಬಾಕು, ಅದರ ಮುಖ ಹೊಳೆಯ ಕಡೆ. ಮನೆಯಲ್ಲಿ ತಿನ್ನಬಾರದವರು, ಊರಲ್ಲಿ ಹೇಳಬಾರದವರು, ಅಲ್ಲಿ ಕುಳಿತು ಎಲ್ಲರಿಗೂ ಬೆನ್ನು ಮಾಡಿ ಉಣ್ಣುವರು. ಅವರ ಹೆಸರು ಕೇಳುವ ಹಾಗಿಲ್ಲ, ಮಾತಾಡಿಸುವ ಹಾಗಿಲ್ಲ. ಹುಸೇನಬಿ ಹಿಂದಿನಿಂದ ಬಂದು ತಾಟು ಇಟ್ಟು ಹೋಗುವಳು. ನಮ್ಮೂರಿನ ಒಬ್ಬರು ಬಹು ದೊಡ್ಡವರ ಬೋಳುತಲೆಯನ್ನು ನಾನು ಹಿಂದಿನಿಂದ ಗುರುತಿಸಿದ್ದೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಅದೇ ಬಾಕಿನ ಇನ್ನೊಂದು ತುದಿಯಲ್ಲಿ ನಾನೂ ಕುಳಿತು ಉಣ್ಣುತ್ತಿದ್ದೆ. ನನ್ನ ಬುತ್ತಿ ನನ್ನದೇ: ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಒಳಗಿನಿಂದ ಸಾರಿನ ವಾಸನೆ ಬರುತ್ತಿತ್ತು. ಸುಟ್ಟ ಕೊಬ್ಬರಿ, ಗುರೆಳ್ಳು, ಬೆಳ್ಳುಳ್ಳಿ, ಹುಣಸೆಹುಳಿ. ಮೀನನ್ನು ಬಿಟ್ಟರೆ ಅದರಲ್ಲಿ ನಾನು ತಿನ್ನಬಾರದ್ದು ಏನೂ ಇರಲಿಲ್ಲ. ಒಂದು ತುತ್ತಿಗೆ ಒಂದು ಉಸಿರು ಎಳೆದುಕೊಳ್ಳುತ್ತ ಎರಡು ವರ್ಷ ಹೀಗೇ ಉಂಡೆ.

"ರೊಟ್ಟಿ ನಿಂದು, ವಾಸ್ನಿ ನಂದು. ನಮ್ಮಿಬ್ಬರದೂ ಪಾಲಿನ್ಯಾಗಿನ ಊಟ ನೋಡು ತಮ್ಮಾ" ಎಂದು ಹುಸೇನಬಿ ನಗುತ್ತಿದ್ದಳು.

"ವಾಸ್ನಿಗೂ ಪಾಪ ಹತ್ತತೈತೇನ ಅಕ್ಕಾ?"

"ಹತ್ತಿದ್ರ ಮೂಗಿಗೆ ಹತ್ತಲಿ. ನಿನಗೇನಾಗೂದಿಲ್ಲ."

ಅವಳಿಗೆ ಮೀನು ತರುತ್ತಿದ್ದವನು ಅಂಬಿಗರ ಯಮನಪ್ಪ. ಅರವತ್ತು ದಾಟಿತ್ತು. ಅವನ ಹರಗೋಲು ಬಂಗಲೆಯ ಕೆಳಗೇ ಕಟ್ಟಿರುತ್ತಿತ್ತು. ಅವನ ಬಲೆಯಲ್ಲಿ ಬಿದ್ದದ್ದೇ ಅವಳ ಗಡಿಗೆಯಲ್ಲಿ ಬೇಯಬೇಕು, ಬೇರೆ ಯಾರ ಮೀನನ್ನೂ ಅವಳು ಮುಟ್ಟುತ್ತಿರಲಿಲ್ಲ. ಯಮನಪ್ಪ ನೀರಿನ ಬಣ್ಣ ನೋಡಿ, ನೊರೆ ನೋಡಿ, ಕಲ್ಲಿನ ಅಂಚಿಗೆ ಹತ್ತಿದ ಕಸ ನೋಡಿ ಹೊಳೆ ಏರುತ್ತದೋ ಇಳಿಯುತ್ತದೋ ಹೇಳುತ್ತಿದ್ದ. ನಾನು ಬಂದ ಮೇಲೆ ಒಂದು ಹೊಸ ರೂಢಿ ಬಿತ್ತು. ಕಂಬ ನೋಡಿ ಮೇಲೆ ಹತ್ತುವಾಗ ನಾನು ಗಟ್ಟಿಯಾಗಿ ಕೂಗಿ ಹೇಳುವುದು: "ಮೂರು ಐವತ್ತು, ಏರಾಕತ್ತೈತಿ!" ಅಥವಾ, "ಮೂರು ನಲವತ್ತು, ಇಳಿಯಾಕತ್ತೈತಿ!" ಇಲ್ಲವೆ ಬರೀ "ನಿಂತೈತಿ!" ಯಮನಪ್ಪ ಕೆಳಗಿನಿಂದ "ಹೋ" ಎನ್ನುವನು. ಹುಸೇನಬಿ ಹನ್ನೆರಡರ ಕೂಗು ಕೇಳಿಯೇ ಸಾರಿಗೆ ಹುಳಿ ಬಿಡುವಳು. ಒಂದು ಹೊಳೆ, ಒಂದು ಬಲೆ, ಒಂದು ಒಲೆ ನನ್ನ ಕೂಗಿಗೆ ಕಾಯುತ್ತಿದ್ದವು. ಆ ವಯಸ್ಸಿನಲ್ಲಿ ಮನುಷ್ಯನಿಗೆ ಇನ್ನೇನು ಬೇಕು ಹೇಳಿ. ನಾನು ಕತ್ತು ಸ್ವಲ್ಪ ಮೇಲೆತ್ತಿಯೇ ನಡೆಯುತ್ತಿದ್ದೆ.

ಈಗ ಆ ದಿನಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅದನ್ನು ಸುತ್ತುಹಾಕುತ್ತಿದ್ದೆ, ನೀವು ಗಮನಿಸಿರಬಹುದು.

ಮಳೆಗಾಲದ ಕೊನೆ. ಅವತ್ತು ಮುಂಜಾನೆ ಯಮನಪ್ಪ ಒಂದು ಬಾಳೆಮೀನು ತಂದ. ಅಷ್ಟು ದೊಡ್ಡದನ್ನು ನಾನು ಹಿಂದೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಗೋಡೆಗೆ ಹಿಡಿದರೆ ಬಾಲ ಮೂಲೆ ದಾಟಿ ಇನ್ನೊಂದು ಗೋಡೆಗೆ ಹೊರಳಿತು. ಹುಸೇನಬಿ ಗೆರೆ ಎಳೆದಳು. ಅಳತೆ ಬರೆಯುವುದು ನನ್ನ ಕೆಲಸ. ಆ ರೂಢಿಯನ್ನು ನಾನೇ ತಂದಿದ್ದೆ. ಟೇಪು ಹಿಡಿದೆ. ಬಾಳೆಮೀನಿಗೆ ಉದ್ದುದ್ದ ಮೀಸೆ. ಮೀಸೆಯ ತುದಿಯಿಂದ ಅಳೆಯಬೇಕೋ ಮೂತಿಯಿಂದಲೋ ಎಂಬ ಪ್ರಶ್ನೆ ಬಂತು.

"ಮೀಸೀನೂ ಅದರದ ಅಲ್ಲೇನು? ಹಿಡಿ" ಎಂದ ಯಮನಪ್ಪ.

"ನಿನ್ನ ಎತ್ತರ ಅಳಿಯೂ ಮುಂದ ಮೀಸಿ ಹಿಡೀತಾರೇನು?" ಎಂದಳು ಹುಸೇನಬಿ.

"ನನ್ನ ಮೀಸಿ ಮ್ಯಾಲ ಐತಿ, ಅಡ್ಡ ಐತಿ. ಇದರದು ಮುಂದ ಐತಿ."

"ಮುಂದ ಇರೂದೆಲ್ಲಾ ಉದ್ದಕ್ಕ ಹಿಡಿದ್ರ ನಿನ್ನ ಹೊಟ್ಟೀನೂ ಹಿಡೀಬೇಕಾಗ್ತೈತಿ!"

ಉಣ್ಣಲು ಬಂದವರೂ ಎದ್ದು ಬಂದು ಎರಡು ಪಂಗಡವಾದರು. ನಾನು ನ್ಯಾಯಾಧೀಶನ ಹಾಗೆ ನಡುವೆ ನಿಂತು, ಎರಡೂ ಅಳತೆ ತೆಗೆದು, ಒಂದರ ಕೆಳಗೆ ಒಂದು ಬರೆಯೋಣ ಎಂದು ತೀರ್ಪು ಕೊಟ್ಟೆ. ಬರೆದು ಮುಗಿಸಿ ಕೈಗಡಿಯಾರ ನೋಡುತ್ತೇನೆ, ಹನ್ನೆರಡು ದಾಟಿ ಹದಿನೈದು ನಿಮಿಷ. ಯಮನಪ್ಪ ಆಗಲೇ ಕೆಳಗಿಳಿದು ಹರಗೋಲಿನ ಹತ್ತಿರ ನನ್ನ ಕೂಗಿಗೆ ಕಾಯುತ್ತಿದ್ದ.

ಎರಡು ವರ್ಷ ನನ್ನ ರಿಜಿಸ್ಟರಿನಲ್ಲಿ ಒಂದು ನಿಮಿಷದ ತಡ ಇರಲಿಲ್ಲ. ಹನ್ನೆರಡು ಎಂಬ ಅಂಕಿಯ ಜಾಗದಲ್ಲಿ ಹನ್ನೆರಡು ಹದಿನೈದು ಎಂದು ಬರೆಯಲು ನನ್ನ ಕೈ ಒಪ್ಪಲಿಲ್ಲ. ಇಳಿದು ಹೋಗಿ ನೋಡಿ ಬಂದರೆ ಇನ್ನೂ ಹತ್ತು ನಿಮಿಷ. ಮುಂಜಾನೆ ಎಂಟಕ್ಕೆ ಹೊಳೆ ಹಿಂದಿನ ಸಂಜೆಯಷ್ಟೇ ಇತ್ತು. ಈಗಲೂ ಅಷ್ಟೇ ಇರುತ್ತದೆ ಎಂದುಕೊಂಡೆ. ಪಡಸಾಲೆಯಲ್ಲೇ ನಿಂತು ಹನ್ನೆರಡು ಗಂಟೆ ಎಂದು ಬರೆದು, ಮುಂಜಾನೆಯ ಅಂಕಿಯನ್ನೇ ಎದುರಿಗೆ ಬರೆದೆ. ಅಕ್ಷರ ಎಂದಿನಂತೆ ದುಂಡಗೆ ಬಂದವು. ಮೆಟ್ಟಿಲ ತುದಿಗೆ ಬಂದು ಕೂಗಿದೆ: "ನಿಂತೈತಿ!"

ಕೆಳಗಿನಿಂದ "ಹೋ" ಎಂದು ಕೇಳಿಸಲಿಲ್ಲ. ಯಮನಪ್ಪ ನೀರನ್ನು ನೋಡುತ್ತ, ಆಮೇಲೆ ನನ್ನನ್ನು ನೋಡುತ್ತ, ಸ್ವಲ್ಪ ಹೊತ್ತು ನಿಂತ. ಆಮೇಲೆ "ಹೋ" ಎಂದ.

ನೀರು ನಿಂತಾಗ ಮಾತ್ರ ಅವನು ತನ್ನ ದೊಡ್ಡ ಬಲೆಯನ್ನು ಹಳ್ಳ ಬಂದು ಹೊಳೆ ಸೇರುವಲ್ಲಿ ಅಡ್ಡ ಕಟ್ಟುತ್ತಿದ್ದ. ಏರುವ ನೀರಿನಲ್ಲಿ ಕಟ್ಟಿದರೆ ಮರ, ಮುಳ್ಳು ಎಲ್ಲ ತೇಲಿಬಂದು ಬಲೆಯನ್ನು ಎಳೆದೊಯ್ಯುತ್ತವೆ. ಅವತ್ತು ಕಟ್ಟಿದ. ಹೊಳೆ ಮುಂಜಾನೆ ಹತ್ತರಿಂದಲೇ ಏರತೊಡಗಿತ್ತು. ಮೂರು ಗಂಟೆಯ ಹೊತ್ತಿಗೆ ಬೇರುಸಹಿತ ಒಂದು ಜಾಲಿಮರ ಬಂತು. ಗೂಟ ಸಮೇತ ಬಲೆ ಹೋಯಿತು. ಅವನ ಮನೆಯವರೆಲ್ಲ ಬೇಸಿಗೆಯುದ್ದ ಕುಳಿತು ಹೆಣೆದ ಬಲೆ ಅದು.

ಸಂಜೆ ಮೈಯೆಲ್ಲ ಒದ್ದೆಯಾಗಿ ಮೇಲೆ ಬಂದ. ಸಿಟ್ಟಿರಲಿಲ್ಲ. ನನ್ನ ಎದುರು ಕುಕ್ಕರಗಾಲಿನಲ್ಲಿ ಕುಳಿತು ಕೇಳಿದ.

"ಗೇಜಪ್ಪ, ಹನ್ನೆರಡಕ್ಕ ನೀರ ಖರೇನ ನಿಂತಿತ್ತೇನು?"

ಅದೇ ಗಳಿಗೆ. ನಾನು ಅಲ್ಲೇ ಹೇಳಿಬಿಟ್ಟಿದ್ದರೆ ಇದು ಬರಿಯ ಒಂದು ತಪ್ಪಾಗಿರುತ್ತಿತ್ತು.

"ನಿಂತಿತ್ರಿ ಕಾಕಾ" ಎಂದೆ.

ಅವನು ತಲೆ ಅಲ್ಲಾಡಿಸಿದ. "ನನಗ ಏರಾಕತ್ತೈತಿ ಅಂತ ಕಂಡಿತ್ತು. ಕಲ್ಲಿನ ಅಂಚಿಗೆ ನೊರಿ ಹತ್ತಿತ್ತು ಅಂತ ಕಂಡಿತ್ತು. ಇಲ್ಲದ್ದು ಕಾಣಾಕತ್ತಾವು ಅಂದ್ರ ನನ್ನ ಕಣ್ಣ ಹೋದವು ತಮ್ಮಾ."

ಮರುದಿನ ಅವನು ಹರಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿದ. ಉಳಿದ ಅಂಬಿಗರು ಬಲೆ ಕೊಡುತ್ತೇವೆ ಎಂದು ಬಂದರು. "ಬಲಿ ಇದ್ರ ಆತೇನು? ನೀರ ಕಾಣಬೇಕಲ್ಲ" ಎಂದು ಕಳಿಸಿದ. ಬಂಗಲೆಯ ಹಿಂದಿನ ಬೇವಿನ ಕಟ್ಟೆಯ ಮೇಲೆ ಹೊಳೆಗೆ ಬೆನ್ನು ಮಾಡಿ ಕುಳಿತು ಹಗ್ಗ ಹೊಸೆಯತೊಡಗಿದ. ಅಣೆಕಟ್ಟೆಯ ಮಣ್ಣು ಹೊರುವ ಕೆಲಸಕ್ಕೆ ಹೆಸರು ಹಚ್ಚಿದ್ದೇನೆ, ಸೋಮವಾರದಿಂದ ಬಾ ಎಂದಿದ್ದಾರೆ ಎಂದ. ನಾನು ಮೂರು ಹೊತ್ತೂ ಕಂಬ ನೋಡಿ ಕೂಗುತ್ತಿದ್ದೆ. ಕೆಳಗಿನಿಂದ "ಹೋ" ಎನ್ನುವವರಿರಲಿಲ್ಲ.

ಹುಸೇನಬಿಯ ಒಲೆಗೆ ಮೀನು ಬರುವುದು ನಿಂತಿತು. ಬೇರೆಯವರ ಮೀನು ತರಿಸು ಎಂದರೆ, "ಅವನ ಮುಂದ ಮಂದಿ ಮೀನ ಕುದಿಸಲೇನು?" ಎಂದು ಬಾಯಿ ಮುಚ್ಚಿಸಿದಳು. ಬಂದವರು ಬರಿಗೈಲಿ ಹೋಗಬಾರದಲ್ಲ. ಹೊಳೆದಂಡೆಯ ಬದನೆಕಾಯಿ ತರಿಸಿ, ಅದೇ ಮಸಾಲೆ ಅರೆದು, ಅದೇ ಹುಳಿ ಹಿಂಡಿ ಸಾರು ಮಾಡತೊಡಗಿದಳು. ಡ್ರೈವರುಗಳು ಮುಖ ಸಿಂಡರಿಸಿದರು. ಬಾಕಿನ ಮೇಲೆ ಬೆನ್ನು ಮಾಡಿ ಕೂರುವವರಂತೂ ಬರುವುದನ್ನೇ ಬಿಟ್ಟರು. ಬದನೆಕಾಯಿ ತಿನ್ನಲು ಯಾರು ಕದ್ದು ಬರುತ್ತಾರೆ?

ಆ ರವಿವಾರ ಸಂಜೆ ಐದರ ಸುಮಾರಿಗೆ ಅವಳು ನನ್ನನ್ನು ಕರೆದಳು. ಬಾಕಿನ ಮೇಲೆ ಒಂದು ಹೊಸ ತಾಟು. ಪಕ್ಕದಲ್ಲಿ ಒಂದು ಹೊಸ ಮಣ್ಣಿನ ಗಡಿಗೆ. ಕುಂಬಾರನ ಆವಿಗೆಯಿಂದ ಬಂದ ಕೆಂಪು ಇನ್ನೂ ಹಾಗೇ ಇತ್ತು, ತಳ ಮಾತ್ರ ಆಗಷ್ಟೇ ಕಪ್ಪಾಗಿತ್ತು.

"ನಿಡಗುಂದಿಯಿಂದ ತರಿಸೇನಿ. ಇದರಾಗ ಮೀನ ಬಿದ್ದಿಲ್ಲ, ಬೀಳೂದೂ ಇಲ್ಲ. ಇದು ನಿಂದು" ಎಂದಳು. "ಎರಡ ವರ್ಷ ವಾಸ್ನಿ ಉಂಡಿ. ಇವತ್ತರ ಸಾರ ಉಣ್ಣು."

ಬಿಸಿ ರೊಟ್ಟಿ ಮುರಿದು ಅದ್ದಿ ಬಾಯಿಗಿಟ್ಟೆ. ಆ ರುಚಿಯನ್ನು ನಿಮಗೆ ಹೇಗೆ ಹೇಳಲಿ? ಬದನೆಕಾಯಿ ಬೆಣ್ಣೆಯಂತಾಗಿತ್ತು. ಸುಟ್ಟ ಕೊಬ್ಬರಿಯ ಹೊಗೆ ಮೊದಲು, ಆಮೇಲೆ ಖಾರ, ಎಲ್ಲ ಮುಗಿಯಿತು ಎನ್ನುವಾಗ ಹುಳಿ. ಎರಡು ವರ್ಷ ಮೂಗಿನಲ್ಲಿದ್ದದ್ದು ನಾಲಿಗೆಗೆ ಬಂದಿತ್ತು. ಇಂಥ ಊಟ ನಾನು ಹಿಂದೆ ಉಂಡಿರಲಿಲ್ಲ. ಆ ಬಲೆ ಹೋಗದಿದ್ದರೆ, ನಾನು ಸುಳ್ಳು ಬರೆಯದಿದ್ದರೆ, ಈ ತಾಟು ನನ್ನ ಮುಂದೆ ಬರುತ್ತಿರಲಿಲ್ಲ ಎಂಬುದು ಮೊದಲ ರೊಟ್ಟಿಯ ಕೊನೆಯ ತುತ್ತಿಗೆ ಹೊಳೆಯಿತು. ಎರಡನೆಯ ರೊಟ್ಟಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ನೀರ ತರಲೇನು?" ಎಂದಳು.

"ಅಕ್ಕಾ, ಅವತ್ತ ನಾ ಕಂಬಾ ನೋಡಿದ್ದಿಲ್ಲ" ಎಂದೆ.

ಎಲ್ಲವನ್ನೂ ಹೇಳಿದೆ. ಮೀಸೆಯ ಜಗಳ, ಹದಿನೈದು ನಿಮಿಷ, ಪಡಸಾಲೆಯಲ್ಲಿ ನಿಂತು ಬರೆದದ್ದು, ಸಂಜೆ ಮತ್ತೆ ಹೇಳಿದ ಸುಳ್ಳು. ಮುಗಿದ ಮೇಲೆ ಎರಡನೆಯ ರೊಟ್ಟಿಯನ್ನು ನನ್ನ ತಾಟಿನಿಂದ ಎತ್ತಿ ಬುಟ್ಟಿಗೆ ಹಾಕಿದಳು. ಗಡಿಗೆಯ ಮೇಲೆ ಮುಚ್ಚಳ ಇಟ್ಟಳು.

"ಇಷ್ಟ ದಿನಾ ಹೊಟ್ಯಾಗ ಇದನ್ನ ಇಟಗೊಂಡ ಹೆಂಗ ಉಂಡಿ?"

ಅವಳು ಬಂಗಲೆಯ ಹಿಂದಕ್ಕೆ ಕೈ ತೋರಿಸಿದಳು.

"ನನಗ ಯಾಕ ಹೇಳ್ತಿ? ಕಣ್ಣ ಕಳಕೊಂಡಾಂವ ಅಲ್ಲಿ ಬೇವಿನ ಕಟ್ಟಿ ಮ್ಯಾಲ ಕುಂತಾನ. ನಾಳೆ ಮಣ್ಣ ಹೊರಾಕ ಹೊಂಟಾನ. ಹೋಗಿ ಅವಗ ಹೇಳು. ಹೇಳಿ ಬಾ. ಎರಡನೇ ರೊಟ್ಟಿ ಆಮ್ಯಾಲ."

ಹೋದೆ. ನಲವತ್ತು ಹೆಜ್ಜೆ ಇದ್ದೀತು. ಯಮನಪ್ಪ ಹಗ್ಗದಿಂದ ಕಣ್ಣೆತ್ತಲಿಲ್ಲ. ನಿಂತುಕೊಂಡೇ ಹೇಳಿದೆ. ಈ ಸಲ ಬೇಗ ಮುಗಿಯಿತು. ನೆಪಗಳನ್ನೆಲ್ಲ ಹುಸೇನಬಿಯ ಮುಂದೆ ಖರ್ಚು ಮಾಡಿ ಬಂದಿದ್ದೆ. ಅವನು ಹಗ್ಗ ಕೆಳಗಿಟ್ಟ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಚೆನ್ನಾಗಿತ್ತು. ಎದ್ದು ನನ್ನನ್ನು ದಾಟಿ, ಬಂಗಲೆ ದಾಟಿ, ಮೆಟ್ಟಿಲಿಳಿದು ನೀರಿನ ಅಂಚಿಗೆ ಹೋಗಿ ನಿಂತ. ನಾನು ಹಿಂದೆ ಹೋದೆ. ಕಲ್ಲಿನ ಅಂಚಿನ ಒದ್ದೆಯ ಗೆರೆಯನ್ನು ಬಹಳ ಹೊತ್ತು ನೋಡಿದ.

"ಮುಂಜಾನಿಗಿಂತ ಎರಡ ಬೆಳ್ಳ ಇಳದೈತಿ. ಹೋಗಿ ನೋಡು" ಎಂದ.

ಕಂಬಕ್ಕೆ ಹೋಗಿ ನೋಡಿದೆ. ಮುಂಜಾನೆಯ ಅಂಕಿಗಿಂತ ನಾಲ್ಕು ಸೆಂಟಿಮೀಟರು ಕಡಿಮೆ. ಬೆರಳು ಹಿಡಿದು ನೋಡಿದೆ, ಎರಡು ಬೆರಳೇ.

"ಬರೋಬರಿ ಐತ್ರಿ ಕಾಕಾ."

ಅವನ ಮುಖ ಈಗಲೂ ನನ್ನ ಕಣ್ಣಮುಂದಿದೆ. ಕಳೆದ ವಸ್ತು ಸಿಕ್ಕವನು ನಗುತ್ತಾನಲ್ಲ, ಹಾಗೆ ನಕ್ಕ. ನಕ್ಕದ್ದು ನೀರಿನ ಕಡೆ ನೋಡಿ, ನನ್ನ ಕಡೆ ಅಲ್ಲ. ಹರಗೋಲನ್ನು ಒಬ್ಬನೇ ಎತ್ತಿ ಮಗುಚಿದ. ಅದನ್ನು ನೀರಿಗೆ ತಳ್ಳುವಾಗ ಹೇಳಿದ: "ನಿನ್ನ ಅಂಕಿ ನೀ ಬರಕೋ ಗೇಜಪ್ಪ. ಇನ್ನ ನನಗ ಕೂಗಿ ಹೇಳಬ್ಯಾಡ." ಗದರಲಿಲ್ಲ. ಮಳೆ ಬರುತ್ತದೆ, ಕೊಡೆ ತಗೋ ಎನ್ನುವ ಹಾಗೆ ಹೇಳಿದ.

ಮೇಲೆ ಬಂದೆ. ಹುಸೇನಬಿ ಪಡಸಾಲೆಯಲ್ಲಿ ನಿಂತು ಎಲ್ಲ ನೋಡಿದ್ದಳು. ಬುಟ್ಟಿಯಿಂದ ರೊಟ್ಟಿ ತೆಗೆದು ತಾಟಿಗೆ ಹಾಕಿ, ಗಡಿಗೆಯ ಮುಚ್ಚಳ ತೆಗೆದಳು. "ಬಾ, ಕುಂಡ್ರು."

ಕೈಗಡಿಯಾರ ನೋಡಿಕೊಂಡೆ. ಆರಕ್ಕೆ ಎರಡು ನಿಮಿಷ.

"ಆರರದ್ದು ನೋಡಿ ಬರ್ತೇನಿ ಅಕ್ಕಾ" ಎಂದೆ.

"ಹೋಗು. ಹೊಳಿ ಮೊದಲ" ಎಂದಳು.

ಆರಕ್ಕೆ ಸರಿಯಾಗಿ ನೋಡಿದೆ, ಬರೆದೆ. ರಿಜಿಸ್ಟರು ತೆರೆದಿತ್ತು. ಹಿಂದಿನ ಪುಟಕ್ಕೆ ಹೋಗಿ ಆ ಸುಳ್ಳು ಅಂಕಿಯ ಮೇಲೆ ಗೆರೆ ಎಳೆದು, "ಈ ಹೊತ್ತಿನ ನೀರು ನೋಡಿಲ್ಲ, ಅಂದಾಜಿನಿಂದ ಬರೆದದ್ದು" ಎಂದು ಬರೆದು ಸಹಿ ಮಾಡಿದೆ. ಯಾವ ಮುಖ ಹೊತ್ತು ಹೋಗಿ ಉಣ್ಣಲಿ, ನಾಳೆ ಹೋಗೋಣ ಎಂದುಕೊಂಡೆ. ಜೀವನದಲ್ಲಿ ಯಾವ ಕೆಲಸವನ್ನೂ ನಾಳೆಗೆ ಇಟ್ಟವನಲ್ಲ ನಾನು. ಇದೊಂದನ್ನು ಇಟ್ಟೆ.

ಮರುದಿನ ರಿಜಿಸ್ಟರು ಹಿಡಿದು ಮೇಲಿನವರ ಹತ್ತಿರ ಹೋದೆ. ಅವರು ಒಳ್ಳೆಯ ಮನುಷ್ಯ. "ಯಾರಿಗೂ ಗೊತ್ತಾಗಿದ್ದಿಲ್ಲಲ್ಲೋ ಮಾರಾಯ, ನೀನ ಯಾಕ ಬರದಿ?" ಎಂದು ಹಣೆ ಚಚ್ಚಿಕೊಂಡರು. ಬರೆದ ಮೇಲೆ ಅವರು ತಾನೇ ಏನು ಮಾಡಿಯಾರು? ನನ್ನನ್ನು ತಮ್ಮ ಕಚೇರಿಯಲ್ಲೇ ಉಳಿಸಿಕೊಂಡು, ವಾರದೊಳಗೆ ಭೀಮೆಯ ದಂಡೆಗೆ, ಈ ಇಂಡಿಯ ಕಡೆಗೆ ಹಾಕಿದರು. ಟ್ರಂಕು ತರಲು ಹೋದ ದಿನ ಹುಸೇನಬಿ ಇರಲಿಲ್ಲ, ತಂಗಿಯ ಬಾಣಂತನಕ್ಕೆ ಮುದ್ದೇಬಿಹಾಳಕ್ಕೆ ಹೋಗಿದ್ದಳು. ಹೊಳೆಯ ನಡುವೆ ಹರಗೋಲು ಕಾಣುತ್ತಿತ್ತು. ನಾನು ಕೂಗಲಿಲ್ಲ.

ಇಂಡಿಯಿಂದ ಸಿಂದಗಿ, ಸಿಂದಗಿಯಿಂದ ಮತ್ತೆ ಇಂಡಿ. ಭೀಮೆಯ ನೀರು ಬರೆಯುತ್ತಲೇ ವಯಸ್ಸಾಯಿತು. ತಡವಾದ ದಿನ ತಡವೆಂದೇ ಬರೆದೆ. ಸರಕಾರದ ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ, ನಾನೇ ಅಂಚಿನಲ್ಲಿ ಗೆರೆ ಎಳೆದುಕೊಂಡೆ. ನನ್ನ ಡೈರಿಗೂ ಆ ಕಾಲಂ ಅಲ್ಲಿಂದಲೇ ಬಂತು. ಬಂಗಲೆಗೆ ಹೋಗಬೇಕು ಎಂದು ಪ್ರತಿ ವರ್ಷ ಅನ್ನಿಸುತ್ತಿತ್ತು. ಬಸ್ಸಿದ್ದವು, ರಜೆಯಿದ್ದವು. ಹೋಗಲಿಲ್ಲ. ಒಂದು ರೊಟ್ಟಿಗಾಗಿ ಇಷ್ಟು ದೂರ ಬಂದೆ ಎಂದು ಹೇಗೆ ಹೇಳುವುದು?

ಬಹಳ ವರ್ಷಗಳ ಮೇಲೆ ನಿಡಗುಂದಿಯ ಬಸ್ ನಿಲ್ದಾಣದಲ್ಲಿ ಯಮನಪ್ಪ ಸಿಕ್ಕ. ಬಾಗಿದ್ದ, ಕೋಲು ಹಿಡಿದಿದ್ದ. ನಾನು ಹತ್ತಿರ ಹೋಗುವ ಮೊದಲೇ, "ಗೇಜಪ್ಪ ಅಲ್ಲೇನು? ಕಣ್ಣ ಇನ್ನೂ ಐತಿ ನೋಡಪಾ" ಎಂದ. ಪಕ್ಕದಲ್ಲಿ ಕೂಡಿಸಿಕೊಂಡು ಊರ ಸುದ್ದಿ ಹೇಳಿದ. ನೀರು ಬಂತು, ಬಂಗಲೆ ಹೋಯಿತು. ಅದಕ್ಕೆ ನಾಲ್ಕು ವರ್ಷ ಮೊದಲೇ ಹುಸೇನಬಿ ತೀರಿಹೋಗಿದ್ದಳು.

"ನಿಂದೊಂದು ಗಡಿಗಿ ಇತ್ತಲ್ಲ" ಎಂದ. "ಆಕಿ ಅದನ್ನ ಯಾರಿಗೂ ಮುಟ್ಟಗೊಡಲಿಲ್ಲ. ನಾನ ಒಮ್ಮೆ ನೀರ ತುಂಬಾಕ ತಗೊಂಡ್ರ ಕೈ ಮ್ಯಾಲ ಹೊಡದ್ಲು. ಗ್ವಾಡಿ ಮಾಡದಾಗ ಬೋರಲ ಇಟ್ಟಿದ್ಲು. ಆಂವ ಆರರದ್ದು ನೋಡಿ ಬರ್ತೇನಿ ಅಂತ ಹೇಳಿ ಹೋಗ್ಯಾನ, ಬರ್ತಾನ ಅನ್ನಾಕಿ."

ಆಮೇಲೆ ಅವನ ಬಸ್ಸು ಬಂತು.

ಇಷ್ಟೇ ಕಥೆ. ಈಗ ಹುಣಸೆಮರದ ಹತ್ತಿರ ನಿಮ್ಮನ್ನು ಮರಳಿ ತಂದಿದ್ದೇನೆ. ಇವತ್ತು ಸಂಜೆ ಮಾಸ್ತರರು ಎಂದಿನಂತೆ ಮೂಗು ಮುಚ್ಚಿ ಮುಂದೆ ಹೋದರು. ನಾನು ಬಾಗಲಿಲ್ಲ. ನೆಟ್ಟಗೆ ರಸ್ತೆ ದಾಟಿ ಆ ಖಾನಾವಳಿಯೊಳಗೆ ಹೋಗಿ ಕುಳಿತೆ. ಒಲೆಯ ಮುಂದಿದ್ದ ಹೆಣ್ಣುಮಗಳು ಕೈ ಒರೆಸಿಕೊಳ್ಳುತ್ತ ಬಂದಳು.

"ಏನ ಕೊಡ್ಲಿರಿ ಅಜ್ಜಾರ? ಹುರದದ್ದೋ, ಸಾರಿಂದೋ?"

"ಆ ಸಾರಿನ ಮಸಾಲ್ಯಾಗ ಬದನಿಕಾಯಿ ಹಾಕಿ ಕುದಿಸಿ ಕೊಡಾಕ ಆಗ್ತೈತೇನವಾ?"

ಅವಳು ನನ್ನ ಕೊರಳಿನ ಶಿವದಾರವನ್ನೂ ಹಣೆಯ ವಿಭೂತಿಯನ್ನೂ ನೋಡಿದಳು. ನಗು ತಡೆದುಕೊಂಡಳು. "ಮೀನಿನ ಹೋಟ್ಲಾಗ ಬದನಿಕಾಯಿ ಕೇಳಿದವ್ರು ನೀವ ಮೊದಲನೇದವ್ರು ನೋಡ್ರಿ. ಮನಿಗೆ ತಂದದ್ದು ನಾಕ ಅದಾವ, ಹಾಕ್ತೇನಿ ತಗೋರಿ. ತಡಾ ಆಗ್ತೈತಿ. ನಡೀತೈತಲ್ಲರಿ?"

"ನಡೀತೈತವಾ."

ಇಪ್ಪತ್ತೈದು ನಿಮಿಷ ಹಿಡಿಯಿತು. ಸಾರು ಬಂತು, ಜೊತೆಗೆ ಎರಡು ರೊಟ್ಟಿ. ಯಾವ ಪಾತ್ರೆಯಲ್ಲಿ ಕುದಿಸಿದಳು, ಅದರಲ್ಲಿ ಮೊದಲು ಏನಿತ್ತು ಎಂದು ನಾನು ಕೇಳಲಿಲ್ಲ. ಮೊದಲ ತುತ್ತು ಬಾಯಿಗಿಟ್ಟಾಗ ತಿಳಿಯಿತು, ಅದಲ್ಲ. ಗುರೆಳ್ಳು ಇರಲಿಲ್ಲ, ಹುಳಿ ಬೇಗ ಬಿದ್ದಿತ್ತು. ಹೊಳೆದಂಡೆಯ ಬದನೆಕಾಯಿಯೂ ಅಲ್ಲ. ಆದರೂ ಒಂದು ರೊಟ್ಟಿ ಮುಗಿಸಿದೆ. ಅಭ್ಯಾಸದಿಂದ ಕೈಗಡಿಯಾರದ ಕಡೆ ಹೊರಳಿದ ಕಣ್ಣನ್ನು ತಾಟಿಗೆ ತಂದೆ. ಎರಡನೆಯ ರೊಟ್ಟಿ ಮುರಿದೆ. ಅವಸರವಿಲ್ಲದೆ, ಸಣ್ಣ ಸಣ್ಣ ತುತ್ತು ಮಾಡಿ, ಸಾರನ್ನು ಒರೆಸಿ ಉಂಡೆ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಮಾಸ್ತರರು ಆಗಲೇ ಬಂದು ಸುದ್ದಿ ಮುಟ್ಟಿಸಿ ಹೋಗಿದ್ದರೆಂದು ಮುಖದಿಂದಲೇ ತಿಳಿಯಿತು. ಚಪ್ಪಲಿ ಬಿಟ್ಟೆ. ಡೈರಿ ತೆಗೆದೆ. ಹೊರಟ ವೇಳೆ: ಐದು ಮೂವತ್ತು. ಬಂದ ವೇಳೆ: ಏಳು ಹದಿನೈದು. ತಡಕ್ಕೆ ಕಾರಣ: ಎರಡನೆಯ ರೊಟ್ಟಿ.